ದೊರೆಯನ್ನು ಲೆಕ್ಕ ಕೇಳುವ ಹಕ್ಕು

ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಮಾತ್ರವಲ್ಲ, ಆಳಂದ, ಅಫಜಲಪುರ, ಜೇವರ್ಗಿಯಂಥ ಪಟ್ಟಣಗಳಲ್ಲೂ ತ್ರಿವರ್ಣ ಧ್ವಜ ಹಾರುತ್ತದೆ. ಹಿಂದೆ ವಿಮೋಚನಾ ದಿನವೆಂದು ಕರೆಯಲಾಗುತ್ತಿದ್ದ ಈ ದಿನಕ್ಕೆ 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ ಎಂಬ ಹೆಸರು ಬಂದಿದೆ. ಹೆಸರು ಬದಲಾದರೂ ಭಾಷಣಗಳು ಹೆಚ್ಚೇನೂ ಬದಲಾಗಿಲ್ಲ. ವೇದಿಕೆಯ ಮೇಲೆ ನಿಜಾಮರೆಂದರೆ ದಬ್ಬಾಳಿಕೆಯ ಮೂರ್ತಿ. ಅದೇ ಸಂಜೆ ನಮ್ಮ ಮೊಹಲ್ಲಾದ ಕಟ್ಟೆಯ ಮೇಲೆ ಅವರೇ ಆಸ್ಪತ್ರೆ, ವಿಶ್ವವಿದ್ಯಾಲಯ, ಕೆರೆಗಳನ್ನು ಕಟ್ಟಿಸಿದ ಉದಾರಿ. ಒಬ್ಬರು ಬೈಯುತ್ತಾರೆ, ಇನ್ನೊಬ್ಬರು ಸಮರ್ಥಿಸುತ್ತಾರೆ. ಆದರೆ ಇಬ್ಬರೂ ಒಂದು ಸರಳ ಪ್ರಶ್ನೆಯನ್ನು ಕೇಳುವುದಿಲ್ಲ: ಅಂದು ಹೈದರಾಬಾದ್ ಸಂಸ್ಥಾನದ ಜನ ತಮ್ಮ ದೊರೆಯಿಂದ ಬೇಡಿದ್ದಾದರೂ ಏನು?

ಸಿಂಹಾಸನವನ್ನು ಬಿಟ್ಟುಕೊಡಿ ಎಂದು ಅವರು ಕೇಳಿರಲಿಲ್ಲ. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ರೂಪುಗೊಂಡಾಗ ಅದು ಮುಂದಿಟ್ಟ ಬೇಡಿಕೆ ಆಸಫ್‌ಜಾಹಿ ಮನೆತನದ ಛತ್ರದಡಿಯಲ್ಲಿಯೇ ಜವಾಬ್ದಾರಿ ಸರ್ಕಾರ ಎಂಬುದಾಗಿತ್ತು. ಅಂದರೆ ದೊರೆ ದೊರೆಯಾಗಿಯೇ ಇರಲಿ, ಆದರೆ ಮಂತ್ರಿಗಳು ಜನರ ಪ್ರತಿನಿಧಿಗಳಿಗೆ ಉತ್ತರ ಹೇಳಲಿ. ರಾಜ್ಯಶಾಸ್ತ್ರದ ಪುಸ್ತಕಗಳು ಇದನ್ನೇ ಸಂವಿಧಾನಬದ್ಧ ರಾಜಪ್ರಭುತ್ವ ಎನ್ನುತ್ತವೆ. ಉರ್ದು ಓದಿದವರು ಆಯೀನಿ ಬಾದಶಾಹತ್ ಎನ್ನುತ್ತಾರೆ. ಇಷ್ಟು ಸೌಮ್ಯವಾದ ಬೇಡಿಕೆಗೆ ದೊರೆತ ಉತ್ತರವೆಂದರೆ ನಿಷೇಧ. ಸಂಘಟನೆ ವಿಧ್ಯುಕ್ತವಾಗಿ ಆರಂಭವಾಗುವ ಮುನ್ನವೇ ಅದರ ಮೇಲೆ ನಿರ್ಬಂಧ ಬಿತ್ತು. ಅದು ತೆರವಾಗಲು 1946ರವರೆಗೆ ಕಾಯಬೇಕಾಯಿತು. ಸತ್ಯಾಗ್ರಹ ಮಾಡಿದವರು ಸೆರೆಮನೆ ಸೇರಿದರು. ಅಫಜಲಪುರ, ಜೇವರ್ಗಿಗಳ ನೆರೆಯ ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಮಾನಂದ ತೀರ್ಥರೂ ಅವರಲ್ಲೊಬ್ಬರು.

ಕಳೆದುಹೋದ ಆ ಅವಕಾಶದ ಅರ್ಥವನ್ನು ನಮ್ಮ ಸಮುದಾಯ ಇಂದಿಗೂ ಸರಿಯಾಗಿ ಅಳೆದು ನೋಡಿಲ್ಲ. ಅಳೆಯಬೇಕಾದರೆ ಮೊದಲು ಆ ವ್ಯವಸ್ಥೆಯೆಂದರೆ ಏನೆಂದು ತಿಳಿಯಬೇಕು.

ನಿರಂಕುಶ ರಾಜಪ್ರಭುತ್ವದಲ್ಲಿ ದೊರೆಯ ಇಚ್ಛೆಯೇ ಕಾನೂನು. ಅವನು ಒಳ್ಳೆಯವನಾದರೆ ಜನರಿಗೆ ಸುಖ, ಕೆಟ್ಟವನಾದರೆ ದುಃಖ; ಎರಡೂ ಜನರ ಕೈಯಲ್ಲಿಲ್ಲ. ಸಂವಿಧಾನಬದ್ಧ ರಾಜಪ್ರಭುತ್ವದಲ್ಲಿ ದೊರೆಯ ಮೇಲೆ ಕಾನೂನು ಇರುತ್ತದೆ. ದೊರೆ ರಾಜ್ಯದ ಮುಖ್ಯಸ್ಥ, ಆದರೆ ಸರ್ಕಾರದ ಮುಖ್ಯಸ್ಥನಲ್ಲ. ಕಾನೂನಿಗೆ ಅವನ ಅಂಕಿತ ಬೇಕು, ಆದರೆ ಆ ಕಾನೂನನ್ನು ರೂಪಿಸುವುದು ಚುನಾಯಿತ ಸದನ. ಆಜ್ಞೆ ಅವನ ಹೆಸರಿನಲ್ಲಿ ಹೊರಡುತ್ತದೆ, ಆದರೆ ಅದರ ಹೊಣೆ ಸಲಹೆ ನೀಡಿದ ಮಂತ್ರಿಯದು. ತೆರಿಗೆ ಎಷ್ಟು, ವೆಚ್ಚ ಎಲ್ಲಿ ಎಂಬುದನ್ನು ಸದನ ತೀರ್ಮಾನಿಸುತ್ತದೆ. ಅರಮನೆಯ ಖರ್ಚಿಗೂ ಅದೇ ಸದನ ಹಣ ಮಂಜೂರು ಮಾಡಬೇಕು. ದೊರೆಯನ್ನು ಬದಲಿಸಲು ಜನರಿಗೆ ಸಾಧ್ಯವಿಲ್ಲ. ಆದರೆ ದೊರೆಯ ಹೆಸರಿನಲ್ಲಿ ಆಳುವವರನ್ನು ಮತ ಹಾಕಿ ಬದಲಿಸಲು ಸಾಧ್ಯ. ಈ ಒಂದು ವ್ಯತ್ಯಾಸದ ಮೇಲೆ ಇಡೀ ವ್ಯವಸ್ಥೆ ನಿಂತಿದೆ.

ಇಂಗ್ಲೆಂಡು ಈ ಹಂತಕ್ಕೆ ಒಂದೇ ದಿನದಲ್ಲಿ ಬಂದು ತಲುಪಲಿಲ್ಲ. ಒಬ್ಬ ರಾಜನ ಶಿರಚ್ಛೇದವಾಯಿತು, ಇನ್ನೊಬ್ಬ ಓಡಿಹೋದ, ಬಳಿಕ 1689ರ ಹಕ್ಕುಗಳ ಶಾಸನ ಬಂತು. ಪಾರ್ಲಿಮೆಂಟು ಒಪ್ಪಿದ ಮಸೂದೆಗೆ ಅಲ್ಲಿನ ಸಿಂಹಾಸನ ಅಂಕಿತ ನಿರಾಕರಿಸಿದ್ದು 1708ರಲ್ಲಿ, ಅದೇ ಕೊನೆಯ ಬಾರಿ. ಮುಸ್ಲಿಮ್ ಜಗತ್ತಿಗೂ ಈ ಚಿಂತನೆ ಹೊಸದಲ್ಲ. ಉಸ್ಮಾನಿ ಸಾಮ್ರಾಜ್ಯದಲ್ಲಿ 1876ರಲ್ಲಿ, ಇರಾನಿನಲ್ಲಿ 1906ರಲ್ಲಿ ಸಂವಿಧಾನಗಳು ಬಂದವು. ಬಾದಶಹನ ಅಧಿಕಾರಕ್ಕೆ ಷರತ್ತು ಇರಬೇಕೆಂದು ಉಲೆಮಾಗಳಲ್ಲಿ ಹಲವರು ಬೀದಿಗಿಳಿದು ವಾದಿಸಿದ ಕಾಲವದು. ಇಂದಿನ ಮಲೇಷ್ಯಾದಲ್ಲಿ ಒಂಬತ್ತು ವಂಶಪಾರಂಪರ್ಯ ಅರಸರು ತಮ್ಮಲ್ಲೊಬ್ಬರನ್ನು ಐದು ವರ್ಷಗಳ ಅವಧಿಗೆ ದೇಶದ ದೊರೆಯಾಗಿ ಆರಿಸುತ್ತಾರೆ. ಸರ್ಕಾರ ನಡೆಸುವುದು ಮಾತ್ರ ಪ್ರಧಾನಿ. ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. 2024ರ ಮೇ ತಿಂಗಳಲ್ಲಿ ಕುವೈತಿನ ಅಮೀರರು ಚುನಾಯಿತ ಸಂಸತ್ತನ್ನು ವಿಸರ್ಜಿಸಿ ಸಂವಿಧಾನದ ಕೆಲವು ವಿಧಿಗಳನ್ನೇ ಅಮಾನತಿನಲ್ಲಿಟ್ಟರು. ಸಂವಿಧಾನವೆಂಬ ಕಾಗದ ಇದ್ದ ಮಾತ್ರಕ್ಕೆ ದೊರೆ ಅದಕ್ಕೆ ಬದ್ಧನಾಗಿದ್ದಾನೆ ಎಂದರ್ಥವಲ್ಲ ಎಂಬುದು ಇದರಿಂದ ಸ್ಪಷ್ಟ.

ಈಗ ಹೈದರಾಬಾದಿಗೆ ಬರೋಣ. 1941ರ ಜನಗಣತಿಯಂತೆ ಸುಮಾರು 1 ಕೋಟಿ 63 ಲಕ್ಷ ಜನರಿದ್ದ ಸಂಸ್ಥಾನವದು. ಜನರ ಮಾತು ತೆಲುಗು, ಮರಾಠಿ, ಕನ್ನಡ, ಉರ್ದು. ಆಡಳಿತದ ಮಾತು ಉರ್ದು ಮಾತ್ರ. ನೆಲದ ಸುಮಾರು ಹತ್ತನೆಯ ಒಂದು ಪಾಲು ಸರ್ಫ್-ಎ-ಖಾಸ್. ಅದರ ಆದಾಯ ನೇರವಾಗಿ ದೊರೆಯ ಸ್ವಂತ ಬೊಕ್ಕಸಕ್ಕೆ ಸೇರುತ್ತಿತ್ತು. ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಜಾಗೀರು. ಆಳಂದ ಮತ್ತು ಅಫಜಲಪುರ ಪೈಗಾ ಅಮೀರರ ಸೀಮೆಗಳಾಗಿದ್ದವು. ಅಲ್ಲಿನ ರೈತನಿಗೆ ದೊರೆ ದೂರ, ಅಮೀರ ಇನ್ನೂ ದೂರ, ಹತ್ತಿರವಿದ್ದವನು ವಸೂಲಿಗೆ ಬರುವ ಗುಮಾಸ್ತ ಮಾತ್ರ. ಮಳೆ ಬಾರದ ವರ್ಷ ಕಂದಾಯ ಇಳಿಸಿ ಎಂದು ಯಾರನ್ನು ಕೇಳಬೇಕು? ಕೇಳಲು ಸದನವಿರಲಿಲ್ಲ, ಕೇಳಿಸಿಕೊಳ್ಳುವ ಮಂತ್ರಿಗೆ ಜನರ ಮತದ ಹಂಗಿರಲಿಲ್ಲ. ಈ ರೈತರಲ್ಲಿ ಲಿಂಗಾಯತರಿದ್ದರು, ಕುರುಬರಿದ್ದರು, ದಲಿತರಿದ್ದರು. ಮುಸ್ಲಿಮರೂ ಇದ್ದರು ಎಂಬುದನ್ನು ನಾವು ಮರೆಯಬಾರದು. ದೊರೆಯ ಕಲಿಮಾ ಮತ್ತು ತನ್ನ ಕಲಿಮಾ ಒಂದೇ ಆದ ಮಾತ್ರಕ್ಕೆ ಮುಸ್ಲಿಮ್ ನೇಕಾರನ ಒಲೆ ಹೆಚ್ಚು ಉರಿಯಲಿಲ್ಲ.

ಸುಧಾರಣೆಗಳು ನಡೆಯಲೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. 1919ರಲ್ಲಿ ಕಾರ್ಯಾಂಗ ಮಂಡಳಿ ಬಂತು. 1937ರಲ್ಲಿ ಅರವಮುದು ಅಯ್ಯಂಗಾರ್ ಸಮಿತಿ ನೇಮಕವಾಯಿತು. 1939ರಲ್ಲಿ ಸುಧಾರಣಾ ಯೋಜನೆ ಪ್ರಕಟವಾಯಿತು. ಆದರೆ ಆ ಯೋಜನೆಯ ಹೃದಯದಲ್ಲೇ ಒಂದು ಕೊರತೆಯಿತ್ತು. ಶಾಸನಸಭೆ ಇರಲಿದೆ, ಆದರೆ ಮಂತ್ರಿಗಳು ಅದಕ್ಕೆ ಉತ್ತರದಾಯಿಗಳಲ್ಲ. ಸಾರ್ವಭೌಮತ್ವ ದೊರೆಯ ವ್ಯಕ್ತಿತ್ವದಲ್ಲಿಯೇ ನೆಲೆಸಿದೆ. ಯುದ್ಧದ ಕಾರಣ ಹೇಳಿ ಈ ಅರೆಬರೆ ಸುಧಾರಣೆಯನ್ನೂ 1946ರವರೆಗೆ ಮುಂದೂಡಲಾಯಿತು. ಅಷ್ಟರಲ್ಲಿ ಕಾಲ ಮಿಂಚಿಹೋಗಿತ್ತು.

ನಮ್ಮನ್ನು ಆಳವಾಗಿ ಯೋಚನೆಗೆ ಹಚ್ಚಬೇಕಾದ ಸಂಗತಿ ಇನ್ನೊಂದಿದೆ. ದೊರೆಯನ್ನು ಕೇವಲ ಸಂಕೇತವಾಗಿ ನೋಡಿದವರು ಜವಾಬ್ದಾರಿ ಸರ್ಕಾರ ಬೇಡಿದವರು ಮಾತ್ರವಲ್ಲ. 1927ರಲ್ಲಿ ಸ್ಥಾಪನೆಯಾದ ಇತ್ತೆಹಾದುಲ್ ಮುಸ್ಲಿಮೀನ್ ಕೂಡ ಹಾಗೆಯೇ ನೋಡಿತು. ಆದರೆ ಯಾರ ಸಂಕೇತ? ದೊರೆ ಮತ್ತು ಸಿಂಹಾಸನ ಮುಸ್ಲಿಮ್ ಸಮುದಾಯದ ರಾಜಕೀಯ ಹಾಗೂ ಸಾಂಸ್ಕೃತಿಕ ಹಕ್ಕುಗಳ ಸಂಕೇತ ಎಂದು ಅದು ಸಾರಿತು. ಸಂಸ್ಥಾನದ ಪ್ರತಿಯೊಬ್ಬ ಮುಸ್ಲಿಮನೂ ಅರಸೊತ್ತಿಗೆಯ ಪಾಲುದಾರ ಎಂಬ ಘೋಷಣೆ ಬಡ ಮುಸ್ಲಿಮನ ಕಿವಿಗೆ ಹಿತವಾಗಿತ್ತು. ಸಾರ್ವಭೌಮತ್ವವನ್ನು ದೊರೆಯಿಂದ ಕೆಳಗಿಳಿಸಿದ್ದು ಸರಿ; ಆದರೆ ಅದನ್ನು ಎಲ್ಲ ಪ್ರಜೆಗಳ ಕೈಗೆ ಕೊಡದೆ ಎಂಟರಲ್ಲಿ ಒಂದು ಪಾಲಿನಷ್ಟಿದ್ದ ಒಂದು ಸಮುದಾಯದ ಕೈಗೆ ಕೊಟ್ಟಂತಾಯಿತು. ಸಂವಿಧಾನಬದ್ಧ ಆಡಳಿತದ ಅತಿ ದೊಡ್ಡ ವಿರೂಪ ಇದು. ಬಹುಸಂಖ್ಯಾತರು ಇಂದು ಇಂಥ ಮಾತನ್ನಾಡಿದರೆ ನಾವು ಪ್ರತಿಭಟಿಸುತ್ತೇವೆ, ಪ್ರತಿಭಟಿಸಲೇಬೇಕು. ಹಾಗಿದ್ದರೆ ಅಂದು ನಮ್ಮವರು ಆಡಿದ್ದೂ ತಪ್ಪೆಂದು ಒಪ್ಪಿಕೊಳ್ಳುವ ಧೈರ್ಯ ನಮಗಿರಬೇಕಲ್ಲವೇ?

ಮುಂದಿನ ಕಥೆ ಎಲ್ಲರಿಗೂ ಗೊತ್ತು, ಆದರೆ ಅದನ್ನು ಪೂರ್ತಿಯಾಗಿ ಹೇಳುವವರು ಕಡಿಮೆ. 1947ರ ಜೂನ್‌ನಲ್ಲಿ ನಿಜಾಮರು ಯಾವ ದೇಶಕ್ಕೂ ಸೇರುವುದಿಲ್ಲವೆಂದು ಫರ್ಮಾನು ಹೊರಡಿಸಿದರು. ಜನರ ಪ್ರತಿನಿಧಿಗಳಿಗೆ ಬಾಗದ ಸಿಂಹಾಸನ ಒಂದು ವರ್ಷದೊಳಗೆ ಲಾತೂರಿನ ವಕೀಲ ಕಾಸಿಮ್ ರಜ್ವಿಯ ರಜಾಕಾರರಿಗೆ ಒತ್ತೆಯಾಯಿತು. ಬೀದರ ಸೀಮೆಯ ಗೋರ್ಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡ ಇಂದಿಗೂ ಜನರ ನೆನಪಿನಿಂದ ಮಾಸಿಲ್ಲ. ಭಾರತಕ್ಕೆ ಸೇರುವುದೇ ಒಳಿತೆಂದು ಬರೆದ 'ಇಮ್ರೋಜ್' ಪತ್ರಿಕೆಯ ಯುವ ಸಂಪಾದಕ ಶೋಯೆಬುಲ್ಲಾ ಖಾನರನ್ನು 1948ರ ಆಗಸ್ಟ್‌ನಲ್ಲಿ ರಜಾಕಾರರು ಕೊಂದರು. ಸೆಪ್ಟೆಂಬರ್ 17ರ ವೇದಿಕೆಗಳಲ್ಲಿ ಈ ಮುಸ್ಲಿಮ್ ಪತ್ರಕರ್ತನ ಹೆಸರು ಅಪರೂಪ; ನಮ್ಮ ಮೊಹಲ್ಲಾದ ಮಾತುಕತೆಯಲ್ಲಿ ಇನ್ನೂ ಅಪರೂಪ. ಸತ್ಯ ನುಡಿದು ಸತ್ತವನನ್ನು ಎರಡೂ ಕಡೆಯವರು ಮರೆತಿದ್ದೇವೆ.

ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನದೊಳಗೆ ಬಂತು. 17ರಂದು ಲಾಯಕ್ ಅಲಿ ಮಂತ್ರಿಮಂಡಲ ರಾಜೀನಾಮೆ ನೀಡಿತು. ಅಲ್ಲಿಂದ ಮುಂದಿನ ದಿನಗಳಲ್ಲಿ ಜಿಲ್ಲೆಗಳ ಸಾಮಾನ್ಯ ಮುಸ್ಲಿಮರ ಮೇಲೆ ನಡೆದ ಸೇಡಿನ ಹಿಂಸೆಯನ್ನು ಪರಿಶೀಲಿಸಲು ಪ್ರಧಾನಿ ನೆಹರೂ ಅವರು ಪಂಡಿತ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫಾರ್ ಅವರಿದ್ದ ತಂಡವನ್ನು ಕಳುಹಿಸಿದರು. ಸತ್ತವರ ಸಂಖ್ಯೆ 27 ಸಾವಿರದಿಂದ 40 ಸಾವಿರದಷ್ಟಿರಬಹುದೆಂದು ಆ ತಂಡ ಅಂದಾಜಿಸಿತು. ಅತಿ ಹೆಚ್ಚು ನೊಂದ ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ. ಮುಸ್ಲಿಮ್ ನೆರೆಯವರನ್ನು ಪ್ರಾಣದ ಹಂಗು ತೊರೆದು ಕಾಪಾಡಿದ ಹಿಂದೂಗಳ ಬಗೆಗೂ ಆ ವರದಿ ಹೇಳುತ್ತದೆ. ಗೋರ್ಟಾದಲ್ಲಿ ಸತ್ತವರೂ ನಿರಪರಾಧಿಗಳು, ಇವರೂ ನಿರಪರಾಧಿಗಳು. ಒಂದು ದುಃಖವನ್ನು ಹೇಳಲು ಇನ್ನೊಂದನ್ನು ಮುಚ್ಚಿಡುವುದು ನ್ಯಾಯವಲ್ಲ.

ಈ ಇಡೀ ದುರಂತದ ಬೆಲೆಯನ್ನು ತೆತ್ತವರಾರು? ಅರಮನೆಯಲ್ಲ. ಮೀರ್ ಉಸ್ಮಾನ್ ಅಲಿ ಖಾನರು ಹೈದರಾಬಾದಿನಲ್ಲಿಯೇ ಉಳಿದರು, ವರ್ಷಕ್ಕೆ 50 ಲಕ್ಷ ರೂಪಾಯಿ ರಾಜಧನ ಪಡೆದರು, 1967ರಲ್ಲಿ ಸಹಜವಾಗಿ ತೀರಿಕೊಂಡರು. ಬೆಲೆ ತೆತ್ತವರು ಭೀಮಾ ತೀರದ ಹಳ್ಳಿಗಳ, ತೊಗರಿ ಹೊಲಗಳ ನಡುವಣ ಊರುಗಳ ಬಡ ಕುಟುಂಬಗಳು. ದೊರೆಗೆ ಲೆಕ್ಕ ಕೇಳುವ ಹಕ್ಕು ಅವರಿಗಿರಲಿಲ್ಲ. ದೊರೆಯ ಸಾಲ ತೀರಿಸುವ ಹೊಣೆ ಮಾತ್ರ ಅವರ ಪಾಲಿಗೆ ಬಂತು.

ಅದೇ ಕಾಲದಲ್ಲಿ ಮೈಸೂರಿನಲ್ಲಿ ಏನಾಯಿತೆಂಬುದನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿಯೂ ದೊರೆಯಿದ್ದರು, ಅಲ್ಲಿಯೂ ಮೊದಲು ಹಿಂಜರಿಕೆಯಿತ್ತು. ಆದರೆ 1881ರಿಂದಲೇ ಪ್ರಜಾಪ್ರತಿನಿಧಿ ಸಭೆಯ ರೂಢಿಯಿತ್ತು. 1947ರ ಸೆಪ್ಟೆಂಬರ್‌ನಲ್ಲಿ 'ಮೈಸೂರು ಚಲೋ' ಚಳವಳಿ ಎದ್ದಿತು. ಅಕ್ಟೋಬರ್‌ನಲ್ಲಿ ಜಯಚಾಮರಾಜೇಂದ್ರ ಒಡೆಯರು ಮಣಿದರು, ಕೆ.ಸಿ. ರೆಡ್ಡಿ ಅವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ಅಲ್ಲಿಂದ ಗಣರಾಜ್ಯ ಬರುವವರೆಗೆ ಮೈಸೂರು ಸಂವಿಧಾನಬದ್ಧ ದೊರೆತನವನ್ನು ಅನುಭವದಿಂದ ಕಂಡಿತು. ಆ ದೊರೆಯೇ ಮುಂದೆ ರಾಜಪ್ರಮುಖರಾದರು, 1956ರ ಬಳಿಕ ವಿಶಾಲ ಮೈಸೂರಿನ ರಾಜ್ಯಪಾಲರೂ ಆದರು. ಗುಲಬರ್ಗಾ ಜಿಲ್ಲೆಯ ಜನರಿಗೂ ಅವರೇ ರಾಜ್ಯಪಾಲರು. ಸಕಾಲದಲ್ಲಿ ಬಾಗಿದ ಕಿರೀಟಕ್ಕೆ ಗೌರವ ಉಳಿಯಿತು, ಪ್ರಜೆಗಳ ಪ್ರಾಣವೂ ಉಳಿಯಿತು.

ಹೈದರಾಬಾದಿನ ದೊರೆಯೂ ಕೊನೆಗೆ ಅದೇ ಸ್ಥಾನಕ್ಕೆ ಬಂದರು ಎಂಬುದು ಇತಿಹಾಸದ ವ್ಯಂಗ್ಯ. 1949ರ ನವೆಂಬರ್‌ನಲ್ಲಿ ಭಾರತದ ಸಂವಿಧಾನವನ್ನು ಒಪ್ಪಿ ಅವರು ಫರ್ಮಾನು ಹೊರಡಿಸಿದರು. 1950ರ ಜನವರಿ 26ರಂದು ರಾಜಪ್ರಮುಖರಾದರು. 1952ರ ಮಹಾಚುನಾವಣೆಯ ಬಳಿಕ ಬೂರ್ಗುಲ ರಾಮಕೃಷ್ಣರಾವ್ ಮುಖ್ಯಮಂತ್ರಿಯಾದರು. 1938ರಲ್ಲಿ ಜನ ಬೇಡಿದ್ದ ವ್ಯವಸ್ಥೆ ಹೆಚ್ಚುಕಡಿಮೆ ಇದೇ ಆಗಿತ್ತು: ಮೇಲೆ ಆಸಫ್‌ಜಾಹಿ ದೊರೆ, ಕೆಳಗೆ ಚುನಾಯಿತ ಸರ್ಕಾರ. ಹದಿನಾಲ್ಕು ವರ್ಷ ತಡವಾಗಿ, ಸಾವಿರಾರು ಗೋರಿಗಳನ್ನೂ ಚಿತೆಗಳನ್ನೂ ದಾಟಿ ಅದು ಬಂತು. 1949ರ ಆಗಸ್ಟ್‌ನಲ್ಲಿ ಜಾಗೀರುಗಳು ರದ್ದಾಗಿದ್ದವು. 1950ರಲ್ಲಿ ಗೇಣಿದಾರರ ರಕ್ಷಣೆಗೆ ಕಾಯ್ದೆ ಬಂತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಜಪ್ರಮುಖರೆಂಬ ಹುದ್ದೆಯೇ ಇಲ್ಲವಾಯಿತು. 1971ರಲ್ಲಿ ರಾಜಧನವೂ ನಿಂತಿತು.

ಹಾಗಾದರೆ ಇದೆಲ್ಲ ಮುಗಿದ ಕಥೆಯೇ? ಅಲ್ಲ. ದೊರೆಗಳು ಹೋದರೂ ಆ ವ್ಯವಸ್ಥೆಯ ಸಾರ ನಮ್ಮ ಸಂವಿಧಾನದಲ್ಲಿ ಉಳಿದಿದೆ. ಭಾರತದ ರಾಷ್ಟ್ರಪತಿಯ ಸ್ಥಾನ ಇಂಗ್ಲೆಂಡಿನ ಸಂವಿಧಾನದಲ್ಲಿ ರಾಜನಿಗಿರುವ ಸ್ಥಾನದಂಥದೇ ಎಂದು ಡಾ. ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುವಾಗ ವಿವರಿಸಿದರು. ರಾಷ್ಟ್ರಪತಿ ಮತ್ತು ರಾಜ್ಯಪಾಲರು ಕೆಲವೇ ಸಂದರ್ಭಗಳನ್ನು ಬಿಟ್ಟರೆ ಮಂತ್ರಿಮಂಡಲದ ಸಲಹೆಯಂತೆಯೇ ನಡೆಯಬೇಕೆಂದು ಸುಪ್ರೀಂ ಕೋರ್ಟು 1974ರ ಶಂಶೇರ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಕರ್ನಾಟಕದಲ್ಲಿ 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಅವರಿಗೆ ಸದನದಲ್ಲಿ ಬಹುಮತ ತೋರಿಸುವ ಅವಕಾಶವನ್ನೇ ಕೊಡದೆ ಸರ್ಕಾರವನ್ನು ವಜಾ ಮಾಡಲಾಯಿತು. ಬಹುಮತವನ್ನು ಅಳೆಯಬೇಕಾದದ್ದು ಸದನದಲ್ಲಿಯೇ ಹೊರತು ರಾಜಭವನದಲ್ಲಲ್ಲ ಎಂದು 1994ರಲ್ಲಿ ಆ ಪ್ರಕರಣದ ತೀರ್ಪು ಇಡೀ ದೇಶಕ್ಕೆ ಕಲಿಸಿತು.

ಆ ಪಾಠದ ಫಲವನ್ನು ಜೇವರ್ಗಿಯ ಜನ ಹತ್ತಿರದಿಂದ ಕಂಡರು. ಜೇವರ್ಗಿ ತಾಲೂಕಿನ ನೆಲೋಗಿಯ ಧರ್ಮಸಿಂಗ್ 2004ರಲ್ಲಿ ಮುಖ್ಯಮಂತ್ರಿಯಾದರು. 2006ರ ಜನವರಿಯಲ್ಲಿ ಮಿತ್ರಪಕ್ಷದ ಶಾಸಕರು ದೂರ ಸರಿದಾಗ ರಾಜ್ಯಪಾಲ ಟಿ.ಎನ್. ಚತುರ್ವೇದಿ ಸದನದಲ್ಲಿ ಬಹುಮತ ಸಾಬೀತುಪಡಿಸುವಂತೆ ಸೂಚಿಸಿದರು. ಬಹುಮತ ಉಳಿದಿರಲಿಲ್ಲ, ಸರ್ಕಾರ ಹೋಯಿತು. ಒಂದು ಕಾಲಕ್ಕೆ ಫರ್ಮಾನಿನಿಂದ ಆಳಲ್ಪಟ್ಟ ಸೀಮೆಯ ಮಗ ಮುಖ್ಯಮಂತ್ರಿಯಾದದ್ದೂ ಮತದಿಂದ, ಇಳಿದದ್ದೂ ಬಹುಮತದ ಲೆಕ್ಕದಿಂದ. ಅಂದು ಒಂದು ಹನಿ ರಕ್ತವೂ ಬೀಳಲಿಲ್ಲ. 1948ರ ಜೊತೆಗಿಟ್ಟು ನೋಡಿದರೆ ಇದೆಂಥ ದೊಡ್ಡ ಸಂಪತ್ತೆಂದು ಅರಿವಾದೀತು.

ಆದರೆ ಈ ಸಂಪತ್ತಿಗೂ ಕಳ್ಳರಿದ್ದಾರೆ. ದೊರೆಯ ಸಾರ್ವಭೌಮತ್ವ ಜನರ ಕೈಗೆ ಬಂದಿದೆ ಎನ್ನುತ್ತೇವೆ. ಅದು ಬಂದು ನಿಂತಿರುವುದು ಮತದಾರರ ಪಟ್ಟಿಯ ಒಂದು ಸಾಲಿನಲ್ಲಿ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಆಳಂದ ಕ್ಷೇತ್ರದಲ್ಲಿ ಹೆಸರು ತೆಗೆದುಹಾಕಲು 6,018 ಅರ್ಜಿಗಳು ಆನ್‌ಲೈನ್ ಮೂಲಕ ಬಂದವು. ಪರಿಶೀಲಿಸಿದಾಗ ಸರಿಯಿದ್ದವು ಕೇವಲ 24. ಉಳಿದ 5,994 ಅರ್ಜಿಗಳು ತಿರಸ್ಕೃತವಾದವು, ಪೊಲೀಸ್ ಪ್ರಕರಣ ದಾಖಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ವಿಷಯ ದೇಶದ ಗಮನ ಸೆಳೆದ ಬಳಿಕ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ತಪ್ಪಿತಸ್ಥರು ಯಾರೆಂಬುದನ್ನು ನ್ಯಾಯಾಲಯ ತೀರ್ಮಾನಿಸಲಿ. ನಮಗೆ ಮುಖ್ಯವಾದದ್ದು ಬೇರೆ. ಸಮಯಕ್ಕೆ ಸರಿಯಾಗಿ ಎಚ್ಚೆತ್ತು ದೂರು ಕೊಡದಿದ್ದರೆ ಸುಮಾರು ಆರು ಸಾವಿರ ಪ್ರಜೆಗಳು ಮತಗಟ್ಟೆಯಿಂದ ಬರಿಗೈಯಲ್ಲಿ ಮರಳುವ ಅಪಾಯವಿತ್ತು. ಹಿಂದೆ ಪ್ರಜೆಯ ಬಾಯಿ ಮುಚ್ಚಿಸಲು ಫರ್ಮಾನು ಬೇಕಿತ್ತು; ಇಂದು ಒಂದು ಅರ್ಜಿ ನಮೂನೆ ಸಾಕು.

ಕೊನೆಯದಾಗಿ ನಮ್ಮೊಳಗಿನ ಮಾತು. ದೇಶದಲ್ಲಿ ಸಂವಿಧಾನಬದ್ಧ ಆಡಳಿತ ಬೇಕೆಂದು ಒತ್ತಾಯಿಸುವ ನಾವು ನಮ್ಮ ಜಮಾಅತು, ಅಂಜುಮನ್, ಮಸೀದಿ ಕಮಿಟಿಗಳಲ್ಲಿ ಎಂಥ ಆಡಳಿತ ನಡೆಸುತ್ತಿದ್ದೇವೆ? ಎಷ್ಟು ಕಡೆ ನಿಯಮಾವಳಿ ಕಪಾಟಿನಲ್ಲಿ ಧೂಳು ತಿನ್ನುತ್ತಿದೆ? ಎಷ್ಟು ಕಡೆ ವಾರ್ಷಿಕ ಮಹಾಸಭೆ ಕರೆಯದೆ ವರ್ಷಗಳೇ ಉರುಳಿವೆ? ತಂದೆಯ ಬಳಿಕ ಮಗ ಅಧ್ಯಕ್ಷನಾಗುವುದು ಸಹಜವೆಂದು ನಾವು ಒಪ್ಪಿಕೊಂಡಿಲ್ಲವೇ? ವಕ್ಫ್ ಕಾಯ್ದೆಯ ದೃಷ್ಟಿಯಲ್ಲಿ ಮುತವಲ್ಲಿ ಆಸ್ತಿಯ ಒಡೆಯನಲ್ಲ, ಲೆಕ್ಕ ಒಪ್ಪಿಸಬೇಕಾದ ನಿರ್ವಾಹಕ. ಲೆಕ್ಕ ಕೇಳಿದವನನ್ನು ಫಿತೂರಿ ಎಂದು ಜರೆಯುವ ಕಮಿಟಿಗೂ, ಜವಾಬ್ದಾರಿ ಸರ್ಕಾರ ಕೇಳಿದವರನ್ನು ಸೆರೆಗೆ ತಳ್ಳಿದ ದರ್ಬಾರಿಗೂ ಗಾತ್ರದಲ್ಲಿ ಮಾತ್ರ ವ್ಯತ್ಯಾಸ. ಪರಸ್ಪರ ಸಮಾಲೋಚನೆಯಿಂದ ಕಾರ್ಯ ನಡೆಸುವುದನ್ನು, ಅಂದರೆ ಶೂರಾವನ್ನು, ವಿಶ್ವಾಸಿಗಳ ಲಕ್ಷಣವೆಂದು ಕಲಿತ ಸಮುದಾಯಕ್ಕೆ ಇದು ಶೋಭಿಸುವುದಿಲ್ಲ.

ನಿಜಾಮರ ತಪ್ಪಿಗೆ ಇಂದಿನ ಆಳಂದದ, ಅಫಜಲಪುರದ, ಜೇವರ್ಗಿಯ ಮುಸ್ಲಿಮ್ ಯುವಕ ತಲೆತಗ್ಗಿಸಬೇಕಾಗಿಲ್ಲ. ಅವರನ್ನು ಸಮರ್ಥಿಸುವ ಹೊರೆಯೂ ಅವನಿಗೆ ಬೇಕಿಲ್ಲ. ಅವನಿಗೆ ಬೇಕಾದದ್ದು ಆ ಕಾಲದ ಪಾಠ. ಆಳುವವನು ನಮ್ಮವನೋ ಪರರವನೋ ಎಂಬುದು ಎರಡನೆಯ ಪ್ರಶ್ನೆ. ಅವನು ಉತ್ತರ ಹೇಳಬೇಕಾದವನೋ ಅಲ್ಲವೋ ಎಂಬುದೇ ಮೊದಲ ಪ್ರಶ್ನೆ. ಮುಂದಿನ ಸೆಪ್ಟೆಂಬರ್ 17ರಂದು ಮನೆಯಲ್ಲಿ ಮೌನವಾಗಿ ಕುಳಿತುಕೊಳ್ಳುವ ಬದಲು ಧ್ವಜವಂದನೆಗೆ ಹೋಗೋಣ, ಅಲ್ಲಿ ಶೋಯೆಬುಲ್ಲಾ ಖಾನರ ಹೆಸರನ್ನು ನೆನಪಿಸೋಣ. ಮರಳಿ ಬಂದು ಮತದಾರರ ಪಟ್ಟಿಯಲ್ಲಿ ಮನೆಯ ಹೆಣ್ಣುಮಕ್ಕಳದೂ ಸೇರಿದಂತೆ ಎಲ್ಲರ ಹೆಸರಿದೆಯೇ ಎಂದು ನೋಡೋಣ. ಬರುವ ಶುಕ್ರವಾರ ನಮಾಜಿನ ಬಳಿಕ ಕಮಿಟಿಯ ಕಳೆದ ವರ್ಷದ ಜಮಾಖರ್ಚನ್ನು ವಿನಯದಿಂದ ಕೇಳೋಣ. ಅಂದು ನಮ್ಮ ಅಜ್ಜಂದಿರಿಗೆ ಇಲ್ಲದಿದ್ದ ಹಕ್ಕು ಇಂದು ನಮಗಿದೆ. ಬಳಸದೆ ಬಿಟ್ಟರೆ ಅದು ಇದ್ದೂ ಇಲ್ಲದಂತೆ.